ಲಿಫ್ಟಿನವರು ಸರಿಮಾಡಿದ ಬಾಗಿಲು

“ಅಮ್ಮಾ, ಲಿಫ್ಟ್ ಮಾಮ ಅವರ ಮಗಳನ್ನ ನೋಡೋಕೆ ಆಫೀಸಿಗೆ ಯಾಕೆ ಹೋಗ್ತಾರೆ? ಮನೇಲಿ ಸಿಗಲ್ವಾ ಅವಳು?”

ಗಿಣಿ ಇದನ್ನು ಕೇಳಿದ್ದು ಮೆಟ್ಟಿಲ ಮೇಲೆ, ಯಾರಿಗೆ ಕೇಳಿಸಬಾರದೋ ಅವರಿಗೇ ಕೇಳಿಸುವಂತೆ. ಐದು ವರ್ಷದ ಆ ಹುಡುಗಿಗೆ ಗಿಣಿ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಅವಳ ಅಮ್ಮ ಮಗಳ ಕೈ ಜಗ್ಗಿದಳು. ಎರಡು ಮೆಟ್ಟಿಲು ಮೇಲಿದ್ದ ಲಿಫ್ಟಿನವರು ಸಾಮಾನಿನ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ತಾವೇ ಉತ್ತರ ಕೊಟ್ಟರು.

“ಅವಳಿಗೆ ನನ್ನ ಮೇಲೆ ಕೋಪ ಪುಟ್ಟಾ. ಇಳಿಯೋವರೆಗೂ ಆಫೀಸಲ್ಲೇ ಸಿಗೋದು.”

“ಯಾವಾಗ ಇಳಿಯತ್ತೆ?”

ಅದು ನ್ಯಾಯಾಧೀಶರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಲಿಫ್ಟಿನವರನ್ನು ಶನಿವಾರ ಶನಿವಾರ ಆ ಆಫೀಸಿಗೆ ಯಾಕೆ ಕಳಿಸುತ್ತಿದ್ದರು?

ಲಿಫ್ಟ್ ರಿಪೇರಿ ಮಾಡುವವರು ಲಿಫ್ಟೇ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದದ್ದು ಅಲ್ಲಿನವರಿಗೆಲ್ಲ ಹಳಸಿದರೂ ಬಿಡಲಾಗದ ಜೋಕು. ದಿನವೆಲ್ಲ ಊರಿನವರನ್ನು ಮೇಲೆ ಕೆಳಗೆ ಮಾಡಿಸಿ ಸಂಜೆ ತಾವು ಮಾತ್ರ ಮೊಣಕಾಲು ಹಿಡಿದುಕೊಂಡು ಹತ್ತುತ್ತಿದ್ದರು. ಅವರ ಕೈ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಬಾಡಿಗೆಗೆ ಬಂದ ತಿಂಗಳೊಳಗೆ ಕೆಳಗಿನ ಗೇಟು ಕಿರುಗುಟ್ಟುವುದನ್ನು ಬಿಟ್ಟಿತ್ತು, ನಲ್ಲಿಗಳು ತೊಟ್ಟಿಕ್ಕುವುದನ್ನು ಬಿಟ್ಟಿದ್ದವು, ಗಿಣಿಯ ಮೂರು ಚಕ್ರದ ಸೈಕಲ್ಲು ಒಂದೇ ಕಡೆ ವಾಲುವುದನ್ನು ಬಿಟ್ಟಿತ್ತು. ಯಾರೂ ಕೇಳಿರಲಿಲ್ಲ. ಬೇಡ ಎನ್ನಲು ಯಾರಿಗೂ ಬಾಯಿ ಬಂದಿರಲೂ ಇಲ್ಲ.

ಸ್ಕ್ರೂಡ್ರೈವರು, ಸ್ಪ್ಯಾನರು ತುಂಬಿ ತುಂಬಿ ಅವರ ಪ್ಯಾಂಟಿನ ಜೇಬುಗಳು ಮೂಲೆಯಲ್ಲಿ ಹರಿಯುತ್ತಿದ್ದವು. ಎರಡನೆಯ ಮಹಡಿಯಲ್ಲಿ ಗಿಣಿಯ ಅಮ್ಮ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಚು ಮಡಿಸುವ, ಸಡಿಲವಾದದ್ದನ್ನು ಬಿಗಿ ಮಾಡುವ ಕೆಲಸ ಮಾಡುತ್ತಿದ್ದಳು. ಜೇಬಿಗೆ ಎರಡು ಪದರ ಬಟ್ಟೆ ಕೊಟ್ಟು ಹೊಲಿದು ಕೊಡುವಷ್ಟು ಹೊತ್ತು ಅವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವರಿಗೆ ಅವಳು ತಂಗಿ, ಅವಳಿಗೆ ಅವರು ಅಣ್ಣ ಆದದ್ದು ಹಾಗೆ. ಹೊಲಿಗೆ ಯಂತ್ರದ ಸದ್ದಿನಲ್ಲಿ ಮಾತಾಡುವುದು ಅವರಿಗೆ ಸುಲಭವಾಗಿತ್ತು. ಯಂತ್ರ ನಿಂತರೆ ಅವರೂ ನಿಲ್ಲುತ್ತಿದ್ದರು. ಹೀಗೆ ತುಂಡು ತುಂಡಾಗಿ ಹೊರಬಂದ ಕಥೆ ಇಷ್ಟು.

ಮಗಳು ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದಳು. ಅದಕ್ಕೇ ಅವಳನ್ನು ‘ಕಾಳು’ ಎಂದು ಕರೆದರು. ಕಾಳುಗೆ ಆರು ವರ್ಷವಿದ್ದಾಗ ಒಂದು ರಜೆಯ ಮಧ್ಯಾಹ್ನ ತಂದೆ ಮಗಳು ಇಬ್ಬರೇ ಮನೆಯಲ್ಲಿದ್ದರು. ತಾಯಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಡ್ಯೂಟಿ. ಆಗ ಫೋನು ಬಂತು. ಹತ್ತಿರದ ಕಟ್ಟಡವೊಂದರಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು, ಒಳಗೆ ಜನರಿದ್ದರು. “ಹತ್ತೇ ನಿಮಿಷ ಕಾಳು, ಓಡಿ ಬಂದೆ” ಎಂದು ಹೇಳಿ, ಮಗು ಬೀದಿಗಿಳಿಯದಿರಲಿ ಎಂದು ಹೊರಗಿನಿಂದ ಬೀಗ ಹಾಕಿ ಹೋದರು. ಅಲ್ಲಿ ನೋಡಿದರೆ ಬ್ರೇಕು ಕಚ್ಚಿಕೊಂಡಿತ್ತು. ಒಂದು ಬಿಚ್ಚಿದರೆ ಇನ್ನೊಂದು. ಒಳಗಿದ್ದವರನ್ನು ಒಬ್ಬೊಬ್ಬರಾಗಿ ಹೊರಗೆಳೆದು, ಅವರ ಕೃತಜ್ಞತೆಯನ್ನೆಲ್ಲ ಕೇಳಿಸಿಕೊಂಡು, ಮನೆ ನೆನಪಾಗುವ ಹೊತ್ತಿಗೆ ಕತ್ತಲಾಗಿತ್ತು. ಡ್ಯೂಟಿ ಮುಗಿಸಿ ಬಂದ ತಾಯಿ ತನ್ನ ಕೀಲಿಯಿಂದ ಬಾಗಿಲು ತೆಗೆದಾಗ, ದೀಪ ಹಾಕದ ಮನೆಯಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ಮಗು ಕೂತಿತ್ತು.

ಆ ಬೀಗ ಒಂದರಿಂದಲೇ ಮದುವೆ ಮುರಿಯಿತೆಂದಲ್ಲ. ಅದಕ್ಕೂ ಮೊದಲೇ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ. ವಿಚ್ಛೇದನವಾಗಿ ಮಗಳು ತಾಯಿಯ ಬಳಿ ಉಳಿದಳು. ಈಗ ಅವಳಿಗೆ ಎಂಟು. ಪ್ರತಿ ವಾರದ ಕೊನೆಗೆ ಮಗಳು ತಮ್ಮ ಮನೆಗೆ ಬಂದು ಉಳಿಯಬೇಕೆಂದು ಲಿಫ್ಟಿನವರು ಅರ್ಜಿ ಹಾಕಿದರು. ಅವಳು ಬರಲೊಪ್ಪಲಿಲ್ಲ. ಅದು ತಾಯಿ ಹೇಳಿಕೊಟ್ಟ ಪಾಠ ಎಂದು ಅವರ ವಕೀಲರು. ಮಗು ಈಗಲೂ ಮುಚ್ಚಿದ ಬಾಗಿಲಿಗೆ ಹೆದರುತ್ತದೆ ಎಂದು ತಾಯಿಯ ವಕೀಲರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಎರಡೂ ಕಡೆಯವರು ಒಂದೇ ದಿನ ಹೇಳಿದರಂತೆ, ಪರಸ್ಪರರ ಕಡೆ ಕೈ ತೋರಿಸಿ. ನ್ಯಾಯಾಧೀಶರು ಇಬ್ಬರದ್ದೂ ಕೇಳಿ, ಮೂವರೂ ಶನಿವಾರ ಶನಿವಾರ ಕೋರ್ಟಿನ ಪಕ್ಕದ ಸಲಹಾ ಕೇಂದ್ರಕ್ಕೆ ಹೋಗಬೇಕು, ಅಲ್ಲಿನ ಕೌನ್ಸೆಲರ್ ಮೇಡಂ ಕೊಡುವ ವರದಿ ನೋಡಿ ಮುಂದಿನದು ಎಂದು ಆದೇಶ ಮಾಡಿದರು. ವರದಿ ಕೆಟ್ಟರೆ ಮಗಳ ಮುಖ ನೋಡುವುದೂ ನಿಲ್ಲಬಹುದು ಎಂದು ಅವರ ವಕೀಲರು ಬಿಡಿಸಿ ಹೇಳಿದ್ದರು.

ಮುಚ್ಚಿದ ಬಾಗಿಲಿನ ಮಾತನ್ನು ಲಿಫ್ಟಿನವರು ನಂಬಿರಲಿಲ್ಲ. ವಕೀಲರು ಬಣ್ಣ ಕಟ್ಟಿ ಬರೆದದ್ದು, ಅಷ್ಟೇ, ಎಂದುಕೊಂಡಿದ್ದರು.

ಸಲಹಾ ಕೇಂದ್ರದ ಕೋಣೆ ಹಳೆಯ ಆಫೀಸಿನ ಕೋಣೆ. ಗೋಡೆಗೆ ಅರ್ಧದವರೆಗೆ ತಿಳಿ ಹಸಿರು ಬಣ್ಣ, ಮೂಲೆಯಲ್ಲಿ ಆಟದ ಸಾಮಾನಿನ ಬುಟ್ಟಿ, ಚಕ್ರವಿಲ್ಲದ ಕಾರುಗಳು, ಕೂದಲು ಕಿತ್ತ ಗೊಂಬೆ, ಒಂದೊಂದು ಕುರ್ಚಿ ಒಂದೊಂದು ಎತ್ತರ. ಮೊದಲ ದಿನವೇ ಅವರ ಕಣ್ಣು ಹೋದದ್ದು ಬಾಗಿಲಿಗೆ. ಅದು ಮುಚ್ಚುತ್ತಲೇ ಇರಲಿಲ್ಲ. ಮೇಲುಗಡೆ, ಬಾಗಿಲನ್ನು ತಾನಾಗಿ ಎಳೆದು ಮುಚ್ಚುವ ಕ್ಲೋಸರ್ ಇದ್ದ ಜಾಗದಲ್ಲಿ ಬರೀ ತೂತುಗಳಿದ್ದವು. ಚಿಲಕದ ನಾಲಿಗೆ ಒಳಗೇ ಕೂತುಬಿಟ್ಟಿತ್ತು. ಗಾಳಿ ಬಂದಾಗಲೆಲ್ಲ ಬಾಗಿಲು ಕುಂಯ್ಯೆಂದು ಒಂದು ಗೇಣು ತೆರೆದು, ಮತ್ತೆ ಅರ್ಧಕ್ಕೆ ಬರುತ್ತಿತ್ತು. ಕಾಳು ಆ ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಹಿಡಿದಳು. ಸಂದಿಯಲ್ಲಿ ಹೊರಗಿನ ಬೆಂಚೂ, ಅದರ ಮೇಲೆ ಕೂತ ಅವಳಮ್ಮನ ಮೊಣಕಾಲೂ ಕಾಣುತ್ತಿದ್ದವು. ಮೇಡಂ ಕೆಲವು ಸಲ ಮೂವರನ್ನೂ ಕೂರಿಸುತ್ತಿದ್ದರು, ಕೆಲವು ಸಲ ತಂದೆ ಮಗಳನ್ನು ಮಾತ್ರ. ತಂದೆ ಮಗಳು ಮಾತ್ರ ಇದ್ದಾಗ ಮಾತಾಡುತ್ತಿದ್ದದ್ದು ಮೇಡಂ ಒಬ್ಬರೇ. ಕಾಳು ಬಾಗಿಲ ಸಂದಿಯನ್ನು ನೋಡುತ್ತಿದ್ದಳು. ಅವಳ ತಂದೆ ಚಿಲಕವನ್ನು ನೋಡುತ್ತಿದ್ದರು.

ಹೀಗೇ ವಾರಗಳು ಕಳೆದ ಮೇಲೆ ಒಂದು ಶನಿವಾರ ಕಾಳು ಅವರ ಬೆರಳಿನ ಬ್ಯಾಂಡೇಜು ನೋಡಿ, “ಅದೇನು?” ಎಂದಳು. ತಂತಿ ತಾಗಿತು ಎಂದರು. “ನೋಯತ್ತಾ?” ಎಂದಳು. ಅಷ್ಟೇ.

ಆ ಸಂಜೆ ಹರಿಯದ ಪ್ಯಾಂಟೊಂದನ್ನು ಹಿಡಿದುಕೊಂಡು ಅವರು ಎರಡನೆಯ ಮಹಡಿಗೆ ಇಳಿದರು. ಗಿಣಿಯ ಅಮ್ಮ ಜೇಬನ್ನು ಒಳಗೆ ಹೊರಗೆ ಮಾಡಿ ನೋಡಿ, ಇದರಲ್ಲಿ ಹೊಲಿಯೋಕೆ ಏನೂ ಇಲ್ಲವಲ್ಲ ಎಂದಳು. ಅವರು ಆ ಎರಡು ಪ್ರಶ್ನೆಗಳನ್ನು ಹೇಳಿದರು. ಅವಳು ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು, ಒಲೆಯ ಮೇಲಿದ್ದ ಹಾಲು ಉಕ್ಕುವವರೆಗೆ ಕೇಳಿದಳು.

ಸಂತೋಷವಾದಾಗ ಅವರ ಕೈಗೆ ಕೆಲಸ ಬೇಕು. ಮುಂದಿನ ಶನಿವಾರ ಬೇಗ ಹೋದರು. ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಅಟೆಂಡರ್ ಕಸ ಗುಡಿಸುತ್ತಿದ್ದ. ಈ ಬಾಗಿಲೊಂದು ಸರಿಮಾಡಿಕೊಡಲೇ ಎಂದರೆ, ದೇವರು ಬಂದ ಹಾಗೆ ಬಂದಿರಿ ಸಾರ್ ಎಂದ. ಬಂದ ದಿನದಿಂದ ಅದರ ಕುಂಯ್ ಸದ್ದು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಅವರು ತಮ್ಮದೇ ಚೀಲದಲ್ಲಿದ್ದ ಕ್ಲೋಸರನ್ನು ಕೂರಿಸಿದರು, ಕೀಲುಗಳಿಗೆ ಎಣ್ಣೆ ಬಿಟ್ಟರು, ಚಿಲಕದ ನಾಲಿಗೆಯನ್ನು ಎಳೆದು ಸರಿಪಡಿಸಿದರು, ಹಿಡಿಯನ್ನು ಬಿಗಿ ಮಾಡಿದರು. ತೆರೆದು ಬಿಟ್ಟು ನೋಡಿದರು. ಬಾಗಿಲು ಮೆಲ್ಲಗೆ ಬಂದು, ಕೊನೆಯಲ್ಲಿ ಇನ್ನೂ ಮೆಲ್ಲಗಾಗಿ, ಟಕ್ ಎಂದು ಕೂತಿತು. ಮಕ್ಕಳು ಹೆದರದಿರಲಿ ಎಂದು ಹಳೆಯ ಕ್ಲೋಸರನ್ನು ಬಿಚ್ಚಿಸಿ ಬಾಗಿಲನ್ನು ಹಾಗೇ ಬಿಟ್ಟದ್ದು ಮೇಡಂ ಎಂದು ಹೊಸ ಅಟೆಂಡರಿಗೆ ಯಾರೂ ಹೇಳಿರಲಿಲ್ಲ.

ಮೇಡಂ ಅಂದು ಹಜಾರದಲ್ಲಿ ಯಾರೊಂದಿಗೋ ಮಾತಾಡುತ್ತ ಹಿಂದೆ ಉಳಿದರು. ಕಾಳು ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಅವಳ ಬೆನ್ನ ಹಿಂದೆ ಬಾಗಿಲು ಸದ್ದಿಲ್ಲದೆ ಬಂದು ಮುಚ್ಚಿಕೊಂಡಿತು.

ಲಿಫ್ಟಿನವರು ಬಾಗಿಲನ್ನೇ ನೋಡುತ್ತಿದ್ದರು. ಕೆಲಸ ಚೆನ್ನಾಗಿ ಬಂದಾಗ ಬರುವ ಸಣ್ಣ ನಗು ಅವರ ಮುಖದಲ್ಲಿತ್ತು. ಮಗಳು ಎದ್ದು ಹೋಗಿ ಹಿಡಿಯನ್ನು ತಿರುಗಿಸಿದ್ದು, ಬಿಗಿ ಮಾಡಿದ ಹಿಡಿ ಅವಳ ಪುಟ್ಟ ಕೈಗೆ ತಿರುಗದೆ ಜಾರಿದ್ದು ಅವರಿಗೆ ಅರ್ಥವಾಗುವುದರೊಳಗೆ ಅವಳು ಅಂಗೈಯಿಂದ ಬಾಗಿಲು ಬಡಿಯತೊಡಗಿದ್ದಳು. ಕೂಗಲಿಲ್ಲ. ಬಡಿಯುವುದು, ನಿಲ್ಲಿಸಿ ಕೇಳಿಸಿಕೊಳ್ಳುವುದು, ಮತ್ತೆ ಬಡಿಯುವುದು. ಸಿಕ್ಕಿಕೊಂಡ ಲಿಫ್ಟಿನೊಳಗಿನವರು ಬಡಿಯುವುದೇ ಹಾಗೆ. ಆ ಸದ್ದನ್ನು ಅವರು ಜೀವಮಾನವೆಲ್ಲ ಕೇಳಿದ್ದರು, ಆದರೆ ಹೊರಗಿನಿಂದ.

ಬಾಗಿಲು ತೆರೆದದ್ದು ಹೊರಗಿದ್ದ ತಾಯಿ. ಮಗಳು ಅವಳ ಸೊಂಟಕ್ಕೆ ಅಂಟಿಕೊಂಡಳು. ತಾಯಿ ಮೇಲೆ ಕ್ಲೋಸರನ್ನು ನೋಡಿದಳು, ಕೆಳಗೆ ಅವರ ಚೀಲವನ್ನು ನೋಡಿದಳು.

“ಮತ್ತೆ ಹಾಕಿದ್ರಾ ಬಾಗಿಲು?” ಎಂದಳು. ದನಿ ಏರಿಸಲೂ ಇಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರನೆಯ ದಿನವೇ ಎದುರು ಪಕ್ಷದ ವಕೀಲರು ಭೇಟಿಗಳನ್ನೆಲ್ಲ ನಿಲ್ಲಿಸಬೇಕೆಂದು ಅರ್ಜಿ ಹಾಕಿದರು. ಲಿಫ್ಟಿನವರ ಕಡೆಯ ವಕೀಲರು ಅವರನ್ನು ಕೂರಿಸಿಕೊಂಡು ದಾರಿ ಹೇಳಿದರು: ಕೇಂದ್ರದ ಬಾಗಿಲು ಕೇಂದ್ರದ ಜವಾಬ್ದಾರಿ, ಅಟೆಂಡರ್ ಹಾಕಿಸಿದ ಎಂದುಬಿಡಿ, ಅಷ್ಟಕ್ಕೂ ಅವನೇ ಒಪ್ಪಿದ್ದಲ್ಲವೇ. ಲಿಫ್ಟಿನವರಿಗೆ ಮಾತು ಸರಿಯೆನ್ನಿಸಿತು. ಸರಿಯೆನ್ನಿಸಿದ್ದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ಬಾಗಿಲು ಮುಚ್ಚಿದಾಗ ತಾವು ನಕ್ಕದ್ದೂ ಸೇರಿ ಅವರು ಹೇಳಿದ್ದನ್ನೆಲ್ಲ ಗಿಣಿಯ ಅಮ್ಮ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಕೇಳಿಸಿಕೊಂಡಳು. ಆಮೇಲೆ ದಾರ ತೆಗೆದಳು.

“ಜಡ್ಜಿಗೆ ಹೇಗಾದ್ರೂ ಹೇಳಬಹುದು ಅಣ್ಣ. ಕಾಳುಗೆ? ನೀವು ಆ ಬಾಗಿಲು ನೋಡಿ ನಗ್ತಾ ಇದ್ದಿದ್ದನ್ನ ಅವಳು ನೋಡಿದಾಳಲ್ಲ.”

ಅವರು ಎದ್ದು ಹೋದರು. ಹೊಲಿಸಲು ತಂದಿದ್ದ ಪ್ಯಾಂಟನ್ನು ಅಲ್ಲೇ ಬಿಟ್ಟು ಹೋದರು. ಅವಳಿಗೆ ಆಡಿದ್ದು ಹೆಚ್ಚಾಯಿತೇನೋ ಎನ್ನಿಸಿತು, ಆದರೆ ಆಡಿದ ಮಾತಿಗೆ ಹೊಲಿಗೆ ಬಿಚ್ಚುವ ಕತ್ತರಿ ಇಲ್ಲವಲ್ಲ.

ಮುಂದಿನ ಶನಿವಾರ ಕಾಳು ಬರಲಿಲ್ಲ. ಆದೇಶ ಇನ್ನೂ ಇದೆಯೆಂದು ಅವರು ಹೋದರು, ಒಬ್ಬರೇ ಕೂತರು. ಕ್ಲೋಸರನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಮೇಡಂ ಏನೂ ಕೇಳುವ ಮೊದಲೇ, ಅದನ್ನು ಹಾಕಿದ್ದು ನಾನು, ಅಟೆಂಡರದ್ದು ಏನೂ ತಪ್ಪಿಲ್ಲ ಎಂದು ಹೇಳಿ ಮುಗಿಸಿದರು. ಮೇಡಂ ಅದನ್ನು ಬರೆದುಕೊಂಡರು, ಬೈಯಲಿಲ್ಲ. ಆಮೇಲೆ ಬೇರೆಯೇ ಒಂದು ವಿಷಯ ಎತ್ತಿದರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ನೀವು ಹೊರಗಿನಿಂದ ಏನು ಹೇಳುತ್ತೀರಿ?

ಕೆಲಸದ ಮಾತು ಬಂದದ್ದಕ್ಕೆ ಅವರಿಗೆ ಜೀವ ಬಂತು. ಮೊದಲು ನಾನು ಯಾರು ಅಂತ ಹೇಳುತ್ತೇನೆ ಎಂದರು. ಆಮೇಲೆ ಈಗ ಏನು ಮಾಡುತ್ತಿದ್ದೇನೆ ಅಂತ, ಒಂದೊಂದೂ ಹೇಳುತ್ತಾ ಹೋಗುತ್ತೇನೆ, ಸದ್ದು ಕೇಳಿ ಹೆದರಬಾರದು ನೋಡಿ. ಎಷ್ಟು ಹೊತ್ತಾಗುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಹೊಸಬರು ಮಾಡುವ ತಪ್ಪೇ ಅದು.

“ಐದು ನಿಮಿಷ ಅಂದು, ಆರಾದ್ರೆ ಮುಗೀತು ಮೇಡಂ. ಆಮೇಲೆ ನಾವು ಏನು ಹೇಳಿದ್ರೂ ನಂಬಲ್ಲ. ಒಳಗೆ ಕೂತೋರಿಗೆ ನಮ್ಮ ಮಾತು ಬಿಟ್ರೆ ಬೇರೆ ಏನಿರತ್ತೆ?”

ಹೇಳಿ ಮುಗಿಸಿ, ಅವರು ಮೇಜಿನ ಮೇಲಿನ ಕ್ಲೋಸರನ್ನು ಎತ್ತಿಕೊಂಡರು, ಮತ್ತೆ ಇಟ್ಟರು. ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು.

ಮೇಡಂ ತಾಯಿಯ ಬಳಿ ಏನು ಮಾತಾಡಿದರೋ ತಿಳಿಯದು. ಭೇಟಿ ನಿಲ್ಲಿಸುವ ಅರ್ಜಿ ತೀರ್ಮಾನವಾಗುವ ಮೊದಲು ಇನ್ನೊಂದು ಸಲ ಕರೆತರಲು ಅವಳು ಒಪ್ಪಿದಳು, ತಾನೂ ಒಳಗೇ ಕೂರುತ್ತೇನೆ ಎಂಬ ಷರತ್ತಿನ ಮೇಲೆ. ಅಂದು ಲಿಫ್ಟಿನವರು ಚೀಲವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ. ಮೆಟ್ಟಿಲಿಳಿಯುವಾಗ ಅವರ ಒಂದು ಹೆಗಲು ಮೇಲೆದ್ದೇ ಇದ್ದದ್ದನ್ನು ಗಿಣಿಯ ಅಮ್ಮ ನೋಡಿದಳು.

ಅಂದಿನ ಮಾತನ್ನು ಅವರು ಮರುದಿನ ಅವಳಿಗೆ ಹೇಳಿದರು, ಯಂತ್ರ ಓಡದಿದ್ದಾಗಲೇ.

ಕಾಳು ತಾಯಿಯ ಪಕ್ಕದಲ್ಲಿ ಕೂತಿದ್ದಳು. ಅವರು ಯಾರನ್ನೂ ನೋಡದೆ ಶುರುಮಾಡಿದರು.

“ಅವತ್ತು ನಾನು ಬೀಗ ಹಾಕಿ ಹೋದೆ. ಹತ್ತು ನಿಮಿಷ ಅಂದೆ. ಎಷ್ಟು ಹೊತ್ತಾಗತ್ತೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ದೆ ಹೇಳಿದೆ. ಆಮೇಲೆ ಮರೆತೆ.”

ಮೊದಲು ತಿರುಗಿ ನೋಡಿದ್ದು ತಾಯಿ. ‘ಮರೆತೆ’ ಎಂಬ ಮಾತನ್ನು ಎರಡು ವರ್ಷಗಳಲ್ಲಿ ಅವಳು ಕೋರ್ಟಿನ ಒಳಗಾಗಲಿ ಹೊರಗಾಗಲಿ ಕೇಳಿರಲಿಲ್ಲ. ಕೆಲಸ ಬಿಡಲಾಗಲಿಲ್ಲ ಎಂದೇ ಅವರ ವಾದವಿತ್ತು.

ಕಾಳು ಕೇಳಿದಳು. “ಲಿಫ್ಟಲ್ಲಿದ್ದೋರು ಅತ್ತರಾ?”

“ಒಬ್ಬರು ಅಜ್ಜ ಅತ್ತರು.”

“ನಾನು ಅಳಲಿಲ್ಲ.”

“ಹೌದಾ. ನನಗೆ ಗೊತ್ತಿರಲಿಲ್ಲ.”

“ಪಕ್ಕದ ಮನೆ ಟೀವಿ ಕೇಳಿಸ್ತಾ ಇತ್ತು. ನಾನು ಬಡಿದೆ. ಅವರು ಟೀವಿ ಜೋರು ಮಾಡಿದರು.”

ಅದನ್ನು ಅವಳು ತಾಯಿಗೂ ಹೇಳಿರಲಿಲ್ಲ. ತಾಯಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಲಿಫ್ಟಿನವರು ಕುರ್ಚಿಯ ಅಂಚಿಗೆ ಬಂದಿದ್ದರು, ಏನಾದರೂ ಮಾಡಬೇಕೆನ್ನುವ ಕೈ ಎದ್ದೇ ಬಿಟ್ಟಿತ್ತು. ಮೇಡಂ ಒಂದು ಸಲ ನೋಡಿದರು, ಕೈ ಕೆಳಗಿಳಿಯಿತು. ಅಂದು ಇನ್ನೇನೂ ನಡೆಯಲಿಲ್ಲ. ಹೊರಡುವಾಗ ಕಾಳು ಹೋಗಿಬರುತ್ತೇನೆ ಎನ್ನಲೂ ಇಲ್ಲ.

ನ್ಯಾಯಾಧೀಶರು ವರದಿ ಓದಿ, ಭೇಟಿ ನಿಲ್ಲಿಸುವ ಅರ್ಜಿಯನ್ನು ತಳ್ಳಿಹಾಕಿದರು. ವಾರದ ಕೊನೆಗೆ ಉಳಿಯುವ ಮಾತನ್ನೂ ಸದ್ಯಕ್ಕೆ ತಳ್ಳಿದರು. ಒಂದು ಮಧ್ಯಾಹ್ನ ಮಗಳು ತಂದೆಯ ಮನೆಗೆ ಹೋಗಲಿ, ತಂದೆ ತಾಯಿ ಇಬ್ಬರಿಗೂ ಒಪ್ಪಿಗೆಯಾದ ಹೆಂಗಸೊಬ್ಬರು ಜೊತೆಗಿರಲಿ, ಮಗು ಯಾವಾಗ ಹೊರಡುತ್ತೇನೆಂದರೆ ಆಗ ಹೊರಡಲಿ, ಅದು ಹೇಗಾಯಿತೋ ನೋಡಿ ಮುಂದಿನದು. ಲಿಫ್ಟಿನವರು ಕೇಳಿದ್ದು ಬೆಟ್ಟ, ಸಿಕ್ಕಿದ್ದು ಒಂದು ಹಿಡಿ ಮಣ್ಣು. ಆದರೂ ಆದೇಶ ಓದಿ ಹೇಳಿದಾಗ ಅವರು ವಕೀಲರ ಕೈಯನ್ನು ಎಷ್ಟು ಜೋರಾಗಿ ಹಿಡಿದರೆಂದರೆ ವಕೀಲರು ಆಮೇಲೆ ಬೆರಳು ನೀವಿಕೊಂಡರಂತೆ.

ಆ ಹೆಂಗಸು ಯಾರೆಂದು ಆರಿಸಲು ಕಾಳುವಿನ ತಾಯಿ ಒಂದು ಸಂಜೆ ತಾನೇ ಕಟ್ಟಡಕ್ಕೆ ಬಂದಳು. ಮೂರನೆಯ ಮಹಡಿಯ ಮನೆಯನ್ನು ರಕ್ತದ ಸ್ಯಾಂಪಲ್ಲು ನೋಡುವಂತೆ ನೋಡಿದಳು. ಕಿಟಕಿಯ ಸರಳು, ಬಚ್ಚಲಿನ ಚಿಲಕ, ಗ್ಯಾಸಿನ ಟ್ಯೂಬು. ಆಮೇಲೆ ಕೆಳಗಿಳಿದು ಎರಡನೆಯ ಮಹಡಿಯ ಸ್ಟೂಲಿನ ಮೇಲೆ ಕೂತು, ಗಿಣಿಯ ಅಮ್ಮನನ್ನು ಒಂದೊಂದೇ ಪ್ರಶ್ನೆ ಕೇಳಿದಳು. ಮೇಲಿನ ಮನೆಗೆ ಯಾರು ಯಾರು ಬರುತ್ತಾರೆ, ಅವರು ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾರೆ, ಸಿಟ್ಟು ಹೇಗೆ. ಕುಡಿಯುತ್ತಾರೆಯೇ ಎಂದೂ ಕೇಳಿದಳು.

“ಟೀ ಮಾತ್ರ ಅಕ್ಕ. ಅದೂ ಬಾಯಿಗೆ ಇಡೋ ಹಾಗಿರಲ್ಲ.”

ಕಾಳುವಿನ ತಾಯಿಗೆ ನಗು ಬಂತು, ಅದನ್ನು ನುಂಗಿಕೊಂಡಳು. ಆ ಟೀಯನ್ನು ಅವಳೂ ಕುಡಿದವಳೇ. ಅಷ್ಟರಲ್ಲಿ ಗಿಣಿ ಬಂದು, ನಿಮ್ಮ ಮಗಳ ಕೋಪ ಇಳಿಯಿತಾ ಎಂದು ವಿಚಾರಿಸಿದಳು. ಯಾರು ಹೇಳಿದರು ಕೋಪ ಅಂತ ಎಂದು ತಾಯಿ ಕೇಳಿದಳು. ಲಿಫ್ಟ್ ಮಾಮನೇ ಹೇಳಿದ್ದು ಎಂದಳು ಗಿಣಿ. ಕಾಳುವಿನ ತಾಯಿ ಗಿಣಿಯನ್ನೇ ನೋಡಿದಳು. ಹೊರಡುವಾಗ, ಶನಿವಾರ ನೀವು ಇರ್ತೀರಲ್ಲ ಎಂದಷ್ಟೇ ಹೇಳಿದಳು.

ಶುಕ್ರವಾರ ಸಂಜೆ ಲಿಫ್ಟಿನವರು ಕೆಳಗೆ ಬಂದರು. ಕೈಯಲ್ಲಿ ಪ್ಯಾಂಟು ಇರಲಿಲ್ಲ. ಕೂರಿ ಎಂದರೂ ಕೂರಲಿಲ್ಲ. ಗಿಣಿಯ ಅಮ್ಮ ಅವರಿಗೆ ಧೈರ್ಯ ಹೇಳಲು ತೊಡಗಿದಳು. ಮಧ್ಯಾಹ್ನಕ್ಕೆ ಏನು ಮಾಡಬೇಕು, ಗಿಣಿಯನ್ನೂ ಕರೆತಂದರೆ ಕಾಳುಗೆ ಆಡಲು ಜೊತೆಯಾಗುತ್ತದೆ, ನಿಮ್ಮ ಬಗ್ಗೆ ನಾನು ಎರಡು ಒಳ್ಳೆಯ ಮಾತು ಹೇಳುತ್ತೇನೆ, ಈ ಕಟ್ಟಡದಲ್ಲಿ ನೀವು ಮಾಡಿರುವುದು ಕಡಿಮೆಯೇ? ಅವರು ಕೈ ಅಡ್ಡ ಹಿಡಿದರು.

“ಅದೇ ಹೇಳೋಕೆ ಬಂದೆ ತಂಗಿ. ನನ್ನ ಬಗ್ಗೆ ಏನೂ ಹೇಳಬೇಡ, ಒಳ್ಳೇದೂ ಬೇಡ. ಅವಳು ಬಂದ ತಕ್ಷಣ ಹೊರಡ್ತೀನಿ ಅನ್ನಬಹುದು. ಅಂದ್ರೆ ನಾನು ಬಿಡಲ್ಲ, ನನಗೆ ಗೊತ್ತು. ಇನ್ನೊಂದು ಸ್ವಲ್ಪ ಹೊತ್ತು ಅಂತೀನಿ, ಇದೊಂದು ತೋರಿಸ್ತೀನಿ ಅಂತೀನಿ. ನಿನ್ನನ್ನೂ ಕೇಳ್ಕೊಳ್ತೀನಿ, ನೀನಾದ್ರೂ ಹೇಳು ಅಂತ. ಒಂದು ಉಪಕಾರ ಮಾಡು. ಆಗ ನನ್ನ ಮಾತು ಕೇಳಬೇಡ. ಅವಳ ಕೈ ಹಿಡ್ಕೊಂಡು ಕೆಳಗೆ ಕರ್ಕೊಂಡು ಹೋಗಿಬಿಡು.”